ಮೊದಲ ಮಾತ್ರೆ

ಮಾರ್ಬರಿ ಗ್ಯಾಪ್, ಟೆನೆಸ್ಸಿ
ಗುರುವಾರ, ಮಾರ್ಚ್ 24, 2016

ನನ್ನ ಮುದ್ದಿನ ರೋಷೆಲ್,

ಹೇಗಿದ್ದೀಯ ಮಗಳೇ? ಬೆನ್ನುನೋವು ಈಗ ಹೇಗಿದೆ? ಅಲ್ಲಿ ಕೊಡುವ ಹಾಸಿಗೆ ಎರಡು ಬೆರಳಿನಷ್ಟು ದಪ್ಪವೂ ಇಲ್ಲ ಎಂದು ವಕೀಲೆ ಮಿಸ್ ಪ್ರೂಯಿಟ್ ಹೇಳಿದರು. ಇನ್ನೊಂದು ಕಂಬಳಿ ಕೇಳಿ ಇಸಿದುಕೊಂಡು ಸೊಂಟದ ಕೆಳಗೆ ಮಡಿಸಿ ಹಾಕಿಕೋ. ಕೇಳುವುದಕ್ಕೆ ಸಂಕೋಚ ಬೇಡ. ಕೊಡದಿದ್ದರೆ ಮತ್ತೆ ಕೇಳು. ಊಟ ಸೇರುತ್ತಿದೆಯೇ? ಚಿಕ್ಕವಳಿದ್ದಾಗಿನಿಂದಲೂ ನಿನಗೆ ಬೇಜಾರಾದರೆ ಮೊದಲು ಬಿಡುತ್ತಿದ್ದದ್ದೇ ಊಟ. ಅಮ್ಮ ತಟ್ಟೆ ಹಿಡಿದುಕೊಂಡು ನಿನ್ನ ಹಿಂದೆ ಅಂಗಳವೆಲ್ಲ ಸುತ್ತುತ್ತಿದ್ದಳು. ಈಗ ಸುತ್ತುವವರು ಯಾರೂ ಇಲ್ಲ, ನೀನೇ ತಿನ್ನಬೇಕು.

ಸೈಲಸ್ ಚೆನ್ನಾಗಿದ್ದಾನೆ. ನೀನು ಮೊದಲು ಹುಡುಕುವ ಸಾಲು ಇದೇ ಎಂದು ಗೊತ್ತಿದ್ದರಿಂದ ಇಲ್ಲೇ ಬರೆದುಬಿಟ್ಟೆ. ಹದಿನಾಲ್ಕು ಪೌಂಡ್ ತೂಗುತ್ತಾನೆ. ನಾನೂ ಚೆನ್ನಾಗಿದ್ದೇನೆ, ಮಂಡಿ ಮಾತ್ರ ಹಳೆಯ ಬಸ್ಸಿನ ಕ್ಲಚ್ಚಿನ ಹಾಗೆ ಕಿರುಗುಟ್ಟುತ್ತದೆ.

ಜೈಲಿಗೆ ಅಂಚೆ ಕಾರ್ಡು ಮಾತ್ರ ಕಳಿಸಬಹುದು ಎಂಬುದು ಅಲ್ಲಿನ ನಿಯಮ. ನನ್ನ ಅಕ್ಷರವೋ ದಾರಿಬದಿಯ ಬೋರ್ಡಿನಷ್ಟು ದಪ್ಪ. ಒಂದು ಕಾರ್ಡಿನಲ್ಲಿ ನಿನ್ನ ಹೆಸರು, ನನ್ನ ಹೆಸರು ಬಿಟ್ಟರೆ ಮತ್ತೇನೂ ಹಿಡಿಸುವುದಿಲ್ಲ. ಅದಕ್ಕೇ ಈ ಕಾಗದವನ್ನು ಮಿಸ್ ಪ್ರೂಯಿಟ್ ಕೈಯಲ್ಲಿ ಕೊಡುತ್ತೇನೆ. ವಕೀಲರ ಕೈಯಲ್ಲಿ ಹೋದದ್ದನ್ನು ಯಾರೂ ಬಿಡಿಸಿ ಓದುವಂತಿಲ್ಲವಂತೆ. ಎರಡು ಭಾನುವಾರ ನಾನು ಬಂದು ಕಾದೆ. ಎರಡು ಸಲವೂ ನೀನು ಹೊರಗೆ ಬರಲಿಲ್ಲ. ಕಿಟಕಿಯ ಹಿಂದೆ ಕೂತಿದ್ದ ಹೆಂಗಸು, "ಅವ್ಳಿಗೆ ಇಷ್ಟ ಇಲ್ವಂತೆ ಅಂಕಲ್" ಎಂದಾಗ ತಲೆ ತಗ್ಗಿಸಿ ಬಂದುಬಿಟ್ಟೆ. ಬೇಜಾರಾಗಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಆದರೆ ನಿನ್ನ ಮೇಲೆ ಕೋಪ ಬರಲಿಲ್ಲ. ನಿನ್ನ ಜಾಗದಲ್ಲಿ ನಾನಿದ್ದರೂ ಬರುತ್ತಿರಲಿಲ್ಲವೋ ಏನೋ.

ಮೊದಲು ಸೈಲಸ್‌ನ ವಿಚಾರ. ನೀನು ಅವನನ್ನು ನೋಡಿದ್ದು ಎರಡೇ ದಿನ. ಮೂರನೆಯ ದಿನ ಆಸ್ಪತ್ರೆಯ ಹಾಸಿಗೆಯಿಂದಲೇ ನಿನ್ನನ್ನು ಕರೆದುಕೊಂಡು ಹೋದರು. ಬೇಡಿ ಹಾಕಿದ ಅಧಿಕಾರಿ ನಾನು ಓಡಿಸುತ್ತಿದ್ದ ಸ್ಕೂಲ್ ಬಸ್ಸಿನಲ್ಲೇ ಬೆಳೆದವನು, ಒಂದನೆಯ ಕ್ಲಾಸಿನಿಂದ ಹತ್ತನೆಯವರೆಗೆ ಎಡಗಡೆ ಮೂರನೆಯ ಸೀಟು. ಅವನು ನನ್ನ ಮುಖ ನೋಡಲಿಲ್ಲ, ನಾನೂ ಅವನ ಹೆಸರು ಕೂಗಲಿಲ್ಲ. ಅದಾದ ಮೇಲೆ ಮಕ್ಕಳ ಇಲಾಖೆಯ ಒಬ್ಬರು ಬಂದು, "ಈ ಮಗೂನ ನೀವು ನೋಡ್ಕೋತೀರಾ, ಇಲ್ಲಾ ನಾವು ಬೇರೆ ಮನೆ ಹುಡುಕ್ಬೇಕಾ?" ಎಂದು ಕೇಳಿದರು. ನಿನ್ನನ್ನು ಎತ್ತಿ ಆಡಿಸಿದ್ದೇನೆಯೇ ಹೊರತು ನಿನ್ನ ಬಟ್ಟೆ ಒಂದು ದಿನವೂ ಬದಲಿಸಿದವನಲ್ಲ ನಾನು, ಅದೆಲ್ಲ ಅಮ್ಮನ ಪಾಲು. ಆದರೂ ಬಾಯಿಂದ "ನೋಡ್ಕೋತೀನಿ" ಎಂದು ಬಂದುಬಿಟ್ಟಿತು.

ಆಸ್ಪತ್ರೆಯಲ್ಲಿ ಆ ಮೊದಲ ನಾಲ್ಕು ವಾರ ಅವನು ಹೇಗಿದ್ದ ಎಂದು ನಿನಗೆ ಯಾರೂ ಸರಿಯಾಗಿ ಹೇಳಿರಲಿಕ್ಕಿಲ್ಲ. ನೀನು ಮನಸ್ಸಿನಲ್ಲೇ ಇನ್ನೂ ಕೆಟ್ಟದ್ದನ್ನು ಕಲ್ಪಿಸಿಕೊಂಡು ಕೊರಗುತ್ತಿರುತ್ತೀಯ, ಅದಕ್ಕೇ ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ಅಳುತ್ತಿದ್ದ, ಕೀರಲು ದನಿಯಲ್ಲಿ, ಬೆಕ್ಕಿನ ಮರಿಯ ಹಾಗೆ. ಕೈಕಾಲು ನಡುಗುತ್ತಿದ್ದವು. ಒಂದರ ಹಿಂದೆ ಒಂದು ಹತ್ತು ಸೀನು ಸೀನುತ್ತಿದ್ದ. ಹಾಲು ಬಾಯಿಗಿಟ್ಟರೆ ಹಸಿದವನಂತೆ ಹಿಡಿಯುತ್ತಿದ್ದ, ಎರಡು ಗುಟುಕಿಗೆ ಬಿಟ್ಟುಬಿಡುತ್ತಿದ್ದ. ನರ್ಸ್ ವಿಲೆಟ್ಟಾ ನಾಲಿಗೆಯ ಮೇಲೆ ಔಷಧಿಯ ಹನಿ ಹಾಕುತ್ತಿದ್ದಳು, ಕೆಲವು ದಿನಕ್ಕೊಮ್ಮೆ ಒಂದಿಷ್ಟು ಕಡಿಮೆ ಮಾಡುತ್ತಿದ್ದಳು. ಆ ಔಷಧಿಯೂ ನೀನು ನುಂಗುತ್ತಿದ್ದ ನೋವಿನ ಮಾತ್ರೆಯ ನೆಂಟನೇ ಎಂದು ಗೊತ್ತಾದಾಗ ನನಗೆ ಅರ್ಥವೇ ಆಗಲಿಲ್ಲ. ವಿಲೆಟ್ಟಾ, "ಓಡೋ ಬಸ್ಸನ್ನ ಗಕ್ಕಂತ ನಿಲ್ಲಿಸಿದ್ರೆ ಒಳಗಿರೋರ ಗತಿ ಏನಾಗುತ್ತೆ ಅಂಕಲ್? ನಿಧಾನಕ್ಕೆ ಬ್ರೇಕ್ ಹಾಕ್ಬೇಕು ತಾನೇ? ಅದೇ ಇದು" ಎಂದಳು. ನನಗೆ ಯಾವ ಭಾಷೆಯಲ್ಲಿ ಹೇಳಿದರೆ ತಿಳಿಯುತ್ತದೆ ಎಂದು ಅವಳಿಗೆ ಚೆನ್ನಾಗಿ ಗೊತ್ತು. ಅವಳೂ ನನ್ನ ಬಸ್ಸಿನವಳೇ; ಚೂಯಿಂಗ್ ಗಮ್ಮನ್ನು ಸೀಟಿನ ಕೆಳಗೆ ಅಂಟಿಸುತ್ತಿದ್ದ ಕಿಲಾಡಿ. ಈಗ ನನಗೇ ಗದರುತ್ತಾಳೆ.

ಅವಳು ನನಗೆ ಕಲಿಸಿದ ಮೊದಲ ಪಾಠವೇ ಕಷ್ಟದ್ದು. "ಅವನ ಮುಖ ನೋಡ್ಬೇಡಿ" ಎಂದಳು. ನನಗೆ ಸಿಟ್ಟೇ ಬಂತು. ಮೊಮ್ಮಗನ ಮುಖ ನೋಡದೆ ಗೋಡೆ ನೋಡಲೇ ಎಂದೆ. "ಹೂಂ, ಗೋಡೇನೇ ನೋಡಿ. ಅವನಿಗೀಗ ಬೆಳಕು, ಸದ್ದು, ಕಣ್ಣು, ಎಲ್ಲಾ ಒಟ್ಟಿಗೇ ಬಂದ್ರೆ ತಡ್ಕೊಳೋಕಾಗಲ್ಲ. ಬಟ್ಟೇಲಿ ಬಿಗಿಯಾಗಿ ಸುತ್ತಿ, ಎದೆಗೆ ಅವುಚ್ಕೊಂಡು, ಮೇಲೆ ಕೆಳಗೆ ಆಡಿಸಿ. ಅಕ್ಕಪಕ್ಕ ತೂಗ್ಬೇಡಿ. ಹಾಡೋದೂ ಬೇಡ." ಹಾಡಬೇಡಿ ಎಂದಿದ್ದು ಮಗುವಿನ ಒಳ್ಳೆಯದಕ್ಕೋ ಇಡೀ ವಾರ್ಡಿನ ಒಳ್ಳೆಯದಕ್ಕೋ ಎಂದು ಇವತ್ತಿಗೂ ಅನುಮಾನವಿದೆ. ಅಂತೂ ಪರದೆ ಎಳೆದ ಕೋಣೆಯಲ್ಲಿ, ಮಧ್ಯಾಹ್ನಗಳೆಲ್ಲ, ನಿನ್ನ ಮಗನನ್ನು ಎದೆಗಿಟ್ಟುಕೊಂಡು ಹಸಿರು ಬಣ್ಣದ ಗೋಡೆ ನೋಡುತ್ತ ಕೂತೆ. ಅವನ ನಡುಕ ನನ್ನ ಪಕ್ಕೆಲುಬಿಗೆ ತಾಗುತ್ತಿತ್ತು. ಹೀಗೆ ಹತ್ತೊಂಬತ್ತು ದಿನ. ಇಪ್ಪತ್ತನೆಯ ದಿನ ನಡುಕ ತಾಗಲಿಲ್ಲ. ಉಸಿರೇ ನಿಂತಿತೇನೋ ಎಂದು ಗಾಬರಿಯಾಗಿ ಬಗ್ಗಿ ನೋಡಿದರೆ ನನ್ನನ್ನೇ ನೋಡುತ್ತಿದ್ದ. ಕಣ್ಣು ಪಿಳಿಪಿಳಿ ಬಿಟ್ಟುಕೊಂಡು, ಈ ಮುದುಕ ಯಾರಪ್ಪಾ ಎನ್ನುವ ಹಾಗೆ. ನಾನು ವಿಲೆಟ್ಟಾಳನ್ನು ಕೂಗಿ, "ಅವನೇ ನೋಡ್ತಿದಾನೆ ಕಣಮ್ಮ, ನಾನಲ್ಲ!" ಎಂದೆ. ಅವಳು ನಕ್ಕು, "ಹಾಗಾದ್ರೆ ನೀವೂ ನೋಡಿ" ಎಂದಳು. ಆಮೇಲೆ ನನಗೆ ಏನೂ ಸರಿಯಾಗಿ ಕಾಣಿಸಲಿಲ್ಲ, ಕಣ್ಣು ಮಂಜಾಗಿತ್ತು.

ಈಗ ನಗುತ್ತಾನೆ. ನಾನು ಕೆಮ್ಮಿದರೆ ನಗುತ್ತಾನೆ. ಜೋಕು ಹೇಳಿದರೆ ನಗುವುದಿಲ್ಲ, ಅದರಲ್ಲಿ ನಿನ್ನ ಹಾಗೇ. ಹೋದ ತಿಂಗಳು ಡಾಕ್ಟರು ತಲೆ ಅಳೆದರು, ಕಾಲು ಮಡಿಸಿ ನೋಡಿದರು, ಗಿಲಕಿ ಅಲ್ಲಾಡಿಸಿದರು. ಇವನು ಎರಡೂ ಕಡೆ ತಿರುಗಿದ. "ಬೆಳವಣಿಗೆ ಚೆನ್ನಾಗಿದೆ. ಇಂಥ ಮಕ್ಕಳು ಹಾಳಾಗಿಹೋದ್ರು ಅಂತ ಜನ ಆಡ್ಕೋತಾರೆ, ಅದನ್ನ ನಂಬಬೇಡಿ. ನೋಡ್ಕೊಳ್ಳೋರಿರಬೇಕು, ಅಷ್ಟೆ" ಎಂದರು. ನೀನು ಅವನನ್ನು ಮುರಿದುಹಾಕಿದೆ ಎಂದು ಮಿಸ್ ಪ್ರೂಯಿಟ್ ಹತ್ತಿರ ಹೇಳಿದೆಯಂತೆ. ಮಗಳೇ, ಇವನು ಮುರಿಯುವ ಸಾಮಾನಲ್ಲ. ಮೊನ್ನೆ ನನ್ನ ಕನ್ನಡಕವನ್ನೇ ಮುರಿದಿದ್ದಾನೆ.

ಇನ್ನು ನಿನಗೆ ಹೇಳಲೇಬೇಕಾದ ಮಾತು. ಇದನ್ನು ಬರೆಯುವುದಕ್ಕೆ ಕುಳಿತು ಮೂರು ಸಲ ಎದ್ದುಹೋಗಿದ್ದೇನೆ. ಒಂದು ಸಲ ಹಾಲು ಬಿಸಿ ಮಾಡುವ ನೆಪ, ಒಂದು ಸಲ ಕೋಳಿಗಳ ನೆಪ, ಒಂದು ಸಲ ನೆಪವೇ ಇಲ್ಲ.

ಎರಡು ವರ್ಷದ ಹಿಂದೆ, ಜುಲೈ ತಿಂಗಳು, ನಿನ್ನನ್ನು ಒಳಗೆ ಹಾಕಿದ ಈ ಕಾನೂನು ಜಾರಿಗೆ ಬಂದ ವಾರ. ಚರ್ಚು ಮುಗಿಸಿ ನಾವಿಬ್ಬರೂ ಪೇಟೆಯ ಹೋಟೆಲಿಗೆ ಹೋಗಿದ್ದೆವು. ನನ್ನ ಗೆಳೆಯ ಆರ್ಲಿಸ್ ಎದುರಿಗೆ ಕೂತಿದ್ದ. ಬಸುರಿಯಾಗಿದ್ದಾಗ ನಶೆಯ ಮಾತ್ರೆ ತಿಂದು ಮಗುವಿಗೆ ತೊಂದರೆಯಾದರೆ ತಾಯಿಯ ಮೇಲೆ ಹಲ್ಲೆಯ ಕೇಸು ಹಾಕುತ್ತಾರಂತೆ, ಒಂದು ವರ್ಷದವರೆಗೂ ಜೈಲಂತೆ ಎಂದು ಅವನು ಪೇಪರು ನೋಡಿ ಹೇಳಿದ. ಆಗ ನಾನು ಮೇಜು ಗುದ್ದಿ ಏನಂದೆ ಎಂದು ನಿನಗೆ ನೆನಪಿದೆ. ನನಗೂ ನೆನಪಿದೆ. "ಒಳ್ಳೇ ಕೆಲ್ಸ ಮಾಡಿದ್ರು. ಅಂಥೋರನ್ನ ಒಳಗೆ ಹಾಕಿ ಬೀಗ ಜಡಿದು ಬೀಗದ ಕೈ ಹೊಳೆಗೆ ಎಸೀಬೇಕು. ಅವರೇನು ತಾಯಂದಿರಾ?" ಪಕ್ಕದ ಮೇಜಿನವರೂ ತಲೆದೂಗಿದರು. ನನಗೆ ಖುಷಿಯಾಯಿತು. ನೀನು ಫೋರ್ಕು ಕೆಳಗಿಟ್ಟೆ. ಹೊಟ್ಟೆ ಸರಿಯಿಲ್ಲ ಅಂದೆ, ಹೊರಗೆ ಹೋಗಿ ಕಾರಿನಲ್ಲಿ ಕೂತೆ. ನಾನು ನಿನ್ನ ತಟ್ಟೆಯಲ್ಲಿ ಉಳಿದಿದ್ದ ಗ್ರೇವಿಯನ್ನೂ ಬಳಿದು ತಿಂದು ಬಂದೆ. ನೀನಾಗ ಬಸುರಿಯಾಗಿರಲಿಲ್ಲ. ಆದರೆ ಆ ಮಾತ್ರೆ ಇಲ್ಲದೆ ಬೆಳಗ್ಗೆ ಎದ್ದು ನಿಲ್ಲಲೂ ಆಗದ ಸ್ಥಿತಿಗೆ ಬಂದಿದ್ದೆ. ಅಪ್ಪನೆಂಬವನಿಗೆ ಅದು ಕಾಣಲಿಲ್ಲ. ಬಸ್ಸಿನ ಕನ್ನಡಿಯಲ್ಲಿ ಹಿಂದಿನ ಸೀಟಿನ ಹುಡುಗ ಮೂಗಿನಲ್ಲಿ ಬೆರಳಿಟ್ಟದ್ದು ಕಾಣುತ್ತಿತ್ತು ನನಗೆ, ಎದುರಿಗೆ ಕೂತ ಮಗಳು ಕಾಣಲಿಲ್ಲ.

ಸೈಲಸ್ ಹೊಟ್ಟೆಯಲ್ಲಿದ್ದಾಗ ನೀನು ಏಳನೆಯ ತಿಂಗಳಿಗೇ ಮನೆಗೆ ಬರುವುದನ್ನು ನಿಲ್ಲಿಸಿದೆ. ಅವನ ಅಪ್ಪ ಓಹಾಯೋ ಕಡೆಗೆ ಕಾಲುಕಿತ್ತ ಸಂಕಟ, ನಾಲ್ಕು ದಿನ ಬಿಟ್ಟರೆ ಸರಿಹೋಗುತ್ತಾಳೆ ಎಂದುಕೊಂಡೆ. ನಿನ್ನ ಕಾರನ್ನು ಗುಡ್ಡದ ಮೇಲಿಂದ ಎಳೆಸಿಕೊಂಡು ಬಂದ ಮೇಲೆ ಅದರ ಮುಂದಿನ ಗೂಡಿನಲ್ಲಿ ಒಂದು ಹಾಳೆ ಸಿಕ್ಕಿತು. ಚರ್ಚಿನ ಭಾನುವಾರದ ಕಾರ್ಯಕ್ರಮದ ಹಾಳೆ. ಹಿಂಬದಿಯಲ್ಲಿ ನಿನ್ನ ಅಕ್ಷರದಲ್ಲಿ ಏಳು ಚಿಕಿತ್ಸಾ ಕೇಂದ್ರಗಳ ಫೋನ್ ನಂಬರು. ಒಂದರ ಮುಂದೆ 'ಬಸುರಿಯರನ್ನು ಸೇರಿಸಿಕೊಳ್ಳಲ್ಲ'. ಇನ್ನೊಂದರ ಮುಂದೆ 'ಫೆಬ್ರವರಿಗೆ ಜಾಗ', ಹೆರಿಗೆಯೋ ನವೆಂಬರಿಗೆ. ಮತ್ತೊಂದರ ಮುಂದೆ 'ಪೊಲೀಸರಿಗೆ ಹೇಳ್ತಾರಾ? ಗೊತ್ತಿಲ್ಲ ಅಂದರು'. ಹೆರಿಗೆಗೆ ಮುಂಚೆಯೇ ಚಿಕಿತ್ಸೆಗೆ ಸೇರಿ ಮುಗಿಸಿದವಳಿಗೆ ಈ ಕಾನೂನಿನಲ್ಲಿ ಪಾರಾಗುವ ದಾರಿಯಿತ್ತಂತೆ. ದಾರಿಯೇನೋ ಇತ್ತು, ನೀನು ತಟ್ಟಿದ ಏಳು ಬಾಗಿಲಲ್ಲಿ ಒಂದೂ ತೆರೆಯಲಿಲ್ಲ. ಕೊನೆಗೆ ನೋವು ಶುರುವಾದ ಮೇಲೆ ಒಬ್ಬಳೇ ಕಾರು ಹತ್ತಿ ಕೆರೊಲಿನಾ ಗಡಿ ದಾಟಲು ಹೊರಟೆಯಲ್ಲ ಮಗಳೇ, ಅಲ್ಲಿ ಈ ಕಾನೂನಿಲ್ಲ, ಹಿಡಿಯುವುದಿಲ್ಲ ಎಂದು. ಗಡಿಗೆ ಇನ್ನು ಒಂಬತ್ತು ಮೈಲಿ ಇದ್ದಾಗ ರಸ್ತೆಬದಿಯಲ್ಲಿ ನಿಂತುಬಿಟ್ಟ ನಿನ್ನ ಕಾರನ್ನು ಯಾರೋ ಲಾರಿಯವನು ನೋಡಿ ಆಂಬ್ಯುಲೆನ್ಸ್ ಕರೆಸಿದ. ಅದು ನಿನ್ನನ್ನು ಗಡಿಯ ಈಚೆಗೇ, ಟೆನೆಸ್ಸಿಯ ಆಸ್ಪತ್ರೆಗೇ ತಂದಿತು. ಆ ಲಾರಿಯವನು ಒಳ್ಳೆಯವನು. ಅವನು ಇಲ್ಲದಿದ್ದರೆ ಇವತ್ತು ನೀವಿಬ್ಬರೂ ಇರುತ್ತಿರಲಿಲ್ಲ. ಆದರೆ ನಿನ್ನನ್ನು ಆ ಗುಡ್ಡದ ರಸ್ತೆಗೆ ಅಟ್ಟಿದವರಲ್ಲಿ ಮೇಜು ಗುದ್ದಿದ ನಾನೂ ಒಬ್ಬ.

ಇದಕ್ಕಿಂತ ದೊಡ್ಡದು ಇನ್ನೊಂದಿದೆ. ಅಮ್ಮ ತೀರಿಕೊಂಡ ವರ್ಷದ ಮಾತು, ಈ ಕಾನೂನಿಗೂ ಮುಂಚಿನದು. ನೀನು ಕೆಲಸಕ್ಕಿದ್ದ ವೃದ್ಧಾಶ್ರಮದಲ್ಲಿ ಆ ಭಾರಿ ಆಸಾಮಿಯನ್ನು ಸ್ನಾನದ ತೊಟ್ಟಿಯಿಂದ ಎತ್ತಲು ಹೋಗಿ ನಿನ್ನ ಬೆನ್ನು ಹಿಡಿದುಕೊಂಡಿತ್ತು. ಬೆಳಗ್ಗೆ ಅಡುಗೆಮನೆಯಲ್ಲಿ ಬಗ್ಗಿ ಶೂ ಹಾಕಿಕೊಳ್ಳಲು ಆಗದೆ ಅಳುತ್ತಿದ್ದೆ. ಇವತ್ತು ರಜೆ ಹಾಕ್ತೀನಿ ಅಪ್ಪ ಎಂದೆ. ಕಪಾಟಿನಲ್ಲಿ ಹಿಟ್ಟಿನ ಡಬ್ಬಿಯ ಹಿಂದೆ ಅಮ್ಮನ ಮಾತ್ರೆಯ ಶೀಶೆ ಅರ್ಧ ಉಳಿದಿತ್ತು. ಕ್ಯಾನ್ಸರಿನ ನೋವಿಗೆ ಕೊಟ್ಟದ್ದು. ನಾನೇ ಮುಚ್ಚಳ ತೆಗೆದು, ನಾನೇ ನಿನ್ನ ಅಂಗೈಗೆ ಹಾಕಿ ಹೇಳಿದೆ: "ಇದೊಂದು ನುಂಗಿ ಹೊರಡು. ನಮ್ಮ ಟಾಕೆಟ್ ಮನೆಯೋರು ರಜಾ ಹಾಕೋ ಪೈಕಿ ಅಲ್ಲ." ನೀನು ನುಂಗಿ ಹೋದೆ. ಸಂಜೆ ನಗುತ್ತಾ ಬಂದೆ. ಮಾರನೆಯ ದಿನ ನೀನು ಕೇಳಲಿಲ್ಲ, ನಾನೇ ಕೊಟ್ಟೆ. ಆಮೇಲೆ ಶೀಶೆ ಖಾಲಿಯಾದದ್ದನ್ನು ನೋಡಿಯೂ ಸುಮ್ಮನಿದ್ದೆ. ಡಾಕ್ಟರು ಬರೆದುಕೊಟ್ಟದ್ದು, ಅವರು ನಿಲ್ಲಿಸಿದ ಮೇಲೆ ಅವರಿವರ ಹತ್ತಿರ ನೀನು ತೆಗೆದುಕೊಂಡದ್ದು, ಎಲ್ಲ ಆಮೇಲಿನ ಕಥೆ. ಮೊದಲ ಮಾತ್ರೆ ಕೊಟ್ಟ ಕೈ ನನ್ನದು. ಕೋರ್ಟಿನಲ್ಲಿ ಜಡ್ಜು, "ಇದಕ್ಕೆ ಯಾರು ಹೊಣೆ ಅಂತ ಗೊತ್ತಾ?" ಎಂದು ಕೇಳಿದಾಗ ನೀನು "ನಾನೇ ಸರ್" ಅಂದೆ. ನಾನು ಮೂರನೆಯ ಬೆಂಚಿನಲ್ಲಿ ಕೂತಿದ್ದೆ. ಎದ್ದು ನಿಲ್ಲಲಿಲ್ಲ. ನೀನೂ ಹಿಂದೆ ತಿರುಗಿ ನನ್ನ ಕಡೆ ಕೈ ತೋರಿಸಲಿಲ್ಲ.

ಇದನ್ನು ಯಾರ ಹತ್ತಿರವೂ ಹೇಳಿರಲಿಲ್ಲ. ಮೊನ್ನೆ ಮಂಗಳವಾರ ಹೇಳಿದೆ, ಎರಡು ಸಲ. ಅದನ್ನೂ ಬರೆಯುತ್ತೇನೆ.

ಈ ಕಾನೂನನ್ನು ಬರೆದಾಗಲೇ ಎರಡು ವರ್ಷದ ಅವಧಿ ಹಾಕಿದ್ದರು. ಮುಂದುವರಿಸದಿದ್ದರೆ ಜುಲೈ ಒಂದಕ್ಕೆ ತಾನಾಗಿ ಮುಗಿಯುತ್ತದೆ. ಮುಂದುವರಿಸಬೇಕೋ ಬೇಡವೋ ಎಂದು ನ್ಯಾಶ್‌ವಿಲ್‌ನಲ್ಲಿ ಶಾಸಕರ ಸಮಿತಿ ಕೂರುತ್ತದೆ, ಜನ ಹೋಗಿ ಮಾತಾಡಬಹುದು ಎಂದು ವಿಲೆಟ್ಟಾ ಹೇಳಿದಳು. ಹೋಗಿಯೇ ಬಿಡೋಣ ಎಂದುಕೊಂಡೆ. ಆದರೆ ಇಲ್ಲಿಂದ ಐದು ಗಂಟೆಯ ದಾರಿ, ನನ್ನ ಎಡಗಣ್ಣಿನಲ್ಲಿ ಪೊರೆ. ಯಾರ ಹತ್ತಿರ ಕೇಳುವುದು? ಆರ್ಲಿಸ್ ಬಂದ. "ನಾನು ಕಾನೂನಿನ ಪರಾನೇ ಕಣೋ ಗ್ರೋವರ್, ಅದರಲ್ಲಿ ಬದಲಾವಣೆ ಇಲ್ಲ. ಆದ್ರೆ ನಿನ್ನ ಕಣ್ಣಿನ ಪರ ಅಲ್ಲ. ನಾನೇ ಓಡಿಸ್ತೀನಿ, ತೆಪ್ಪಗೆ ಪಕ್ಕದಲ್ಲಿ ಕೂತ್ಕೋ" ಎಂದ. ಬೆಳಕು ಹರಿಯುವ ಹೊತ್ತಿಗೆ ಹೊರಟೆವು. ಹಿಂದಿನ ಸೀಟಿನಲ್ಲಿ ಸೈಲಸ್, ಅವನ ಪಕ್ಕ ಡೈಪರಿನ ಕಟ್ಟು, ಹಾಲಿನ ಬಾಟಲಿಗಳು, ಆರ್ಲಿಸ್‌ನ ಹೆಂಡತಿ ಕಟ್ಟಿಕೊಟ್ಟ ಬಿಸ್ಕಿಟ್ಟು, ಹ್ಯಾಮು. ದಾರಿಯುದ್ದಕ್ಕೂ ರೆಡ್‌ಬಡ್ ಮರಗಳು ಎಲೆ ಬಿಡುವ ಮೊದಲೇ ಮೈತುಂಬ ಹೂಬಿಟ್ಟಿದ್ದವು. ನೀನು ನೋಡಬೇಕಿತ್ತು.

ನಾಕ್ಸ್‌ವಿಲ್ ದಾಟಿದ ಮೇಲೆ ಆರ್ಲಿಸ್ ಎಂದಿನ ಹಾಗೆ ಶುರುಮಾಡಿದ. "ರೋಷೆಲ್ ಒಳ್ಳೇ ಹುಡುಗೀನೇ. ಆದ್ರೆ ಮೊದಲ್ನೇ ಸಲ ಬಾಯಿಗೆ ಹಾಕ್ಕೊಂಡಾಗ ಯೋಚ್ನೆ ಮಾಡ್ಬೇಕಿತ್ತಪ್ಪ." ಆಗ ಹೇಳಿದೆ. ಕಪಾಟು, ಹಿಟ್ಟಿನ ಡಬ್ಬಿ, ಅಂಗೈ, ಎಲ್ಲ. ಅವನು ನಲವತ್ತು ಮೈಲಿ ರಸ್ತೆ ನೋಡುತ್ತ ಗಾಡಿ ಓಡಿಸಿದ. ಆರ್ಲಿಸ್ ಸುಮ್ಮನಿದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು. ಹಲ್ಲಿನ ಡಾಕ್ಟರ ಹತ್ತಿರವೂ ಮಾತಾಡುವ ಪ್ರಾಣಿ ಅದು. ಕೊನೆಗೆ ಪೆಟ್ರೋಲ್ ಬಂಕಿನಲ್ಲಿ ಗಾಡಿ ನಿಲ್ಲಿಸಿ, ಸ್ಟೇರಿಂಗ್ ಹಿಡಿದುಕೊಂಡೇ, "ನಮ್ಮ ಮನೇಲೂ ಒಂದು ಶೀಶೆ ಇದೆ ಕಣೋ. ನನ್ನ ಮಂಡಿ ಆಪರೇಷನ್‌ದು. ಮೊಮ್ಮಗ ವಾರಾ ವಾರಾ ಬರ್ತಾನೆ" ಎಂದ. ಅಲ್ಲಿಂದಲೇ ಹೆಂಡತಿಗೆ ಫೋನು ಮಾಡಿ, "ಆ ಶೀಶೇನ ಈಗ್ಲೇ ಔಷಧಿ ಅಂಗಡಿಗೆ ವಾಪಸ್ ಕೊಟ್ಟು ಬಾ. ಯಾಕೆ ಏನು ಅಂತ ಕೇಳ್ಬೇಡ, ಹೋಗು" ಎಂದ.

ಸಮಿತಿಯ ಕೋಣೆ ಕಿಕ್ಕಿರಿದಿತ್ತು. ಡಾಕ್ಟರುಗಳು ಮಾತಾಡಿದರು. ಹೆದರಿಕೆಯಿಂದ ಬಸುರಿಯರು ಆಸ್ಪತ್ರೆಗೇ ಬರುತ್ತಿಲ್ಲ ಎಂದರು. ಎಲ್ಲರೂ ನಮ್ಮ ಕಡೆಯವರೇ ಎಂದುಕೊಳ್ಳಬೇಡ, ಇನ್ನೊಂದು ಕಡೆಯವರೂ ಇದ್ದರು. ಇಂಥ ಮಕ್ಕಳನ್ನು ಮನೆಯಲ್ಲಿಟ್ಟು ಸಾಕುವ ಒಬ್ಬ ತಾಯಿ ಎದ್ದು ನಿಂತು, "ನಾನು ಆರು ಕೂಸುಗಳನ್ನ ಎತ್ತಿದೀನಿ. ಅವುಗಳ ಪರವಾಗಿ ಯಾರ್ ಮಾತಾಡ್ತೀರಿ?" ಎಂದು ಕೇಳಿದಳು. ಅವಳೂ ಗೋಡೆ ನೋಡುತ್ತ ಕೂತವಳೇ ಅಲ್ಲವೇ. ಅವಳ ಮೇಲೆ ಕೋಪ ಮಾಡಿಕೊಳ್ಳಲು ನನ್ನಿಂದ ಆಗಲಿಲ್ಲ.

ನನ್ನ ಹೆಸರು ಕರೆದರು. ಎರಡು ನಿಮಿಷ ಎಂದರು. ವಿಲೆಟ್ಟಾ ಟೈಪು ಮಾಡಿಕೊಟ್ಟ ಹಾಳೆ ಕೈಯಲ್ಲಿತ್ತು, ಮುರಿದ ಕನ್ನಡಕದಲ್ಲಿ ಒಂದಕ್ಷರವೂ ಕಾಣಲಿಲ್ಲ. ಮಡಿಸಿ ಜೇಬಿಗಿಟ್ಟೆ. ಏನು ಹೇಳಿದೆ ಎಂದು ಆರ್ಲಿಸ್ ನನಗೆ ಆಮೇಲೆ ನೆನಪು ಮಾಡಿಕೊಟ್ಟ. "ಸ್ವಾಮಿ, ನಾನು ಮೂವತ್ತೊಂದು ವರ್ಷ ಸ್ಕೂಲ್ ಬಸ್ ಓಡಿಸ್ದೋನು. ಈ ಕಾನೂನು ಬಂದಾಗ ಮೇಜು ಗುದ್ದಿ ಭೇಷ್ ಅಂದೋನು. ಈಗ ನನ್ನ ಮಗಳು ಇದೇ ಕಾನೂನಲ್ಲಿ ಜೈಲಲ್ಲಿದಾಳೆ. ಆ ಮಗುಗೆ ನೋವಾಯ್ತು, ಇಲ್ಲ ಅನ್ನಲ್ಲ, ನಾನೇ ಎತ್ಕೊಂಡಿದ್ದೆ. ಆದ್ರೆ ಅವಳ ಕೈಗೆ ಮೊದಲ್ನೇ ಮಾತ್ರೆ ಇಟ್ಟೋನು ನಾನು. ಬೇಡಿ ಹಾಕೋದಾದ್ರೆ ನನ್ನಿಂದ ಶುರು ಮಾಡಿ. ಬಸ್ಸಲ್ಲಿ ಒಂದು ಹುಡುಗಿ ಕಾಯಿಲೆ ಬಿದ್ರೆ, ಪಕ್ಕದ ಕೂಸಿಗೆ ತಾಗುತ್ತೆ ಅಂತ ಅವಳನ್ನ ದಾರೀಲಿ ಇಳಿಸಿ ಹೋಗೋ ಡ್ರೈವರು ಡ್ರೈವರೇ ಅಲ್ಲ. ಇಬ್ಬರನ್ನೂ ಆಸ್ಪತ್ರೆಗೆ ಮುಟ್ಟಿಸ್ಬೇಕು. ಅವಳು ಏಳು ಕಡೆ ಕೈ ಅಡ್ಡ ಹಾಕಿ ನಿಲ್ಲಿಸಿದ್ಲು, ಒಂದು ಬಸ್ಸೂ ನಿಲ್ಲಲಿಲ್ಲ." ಅಷ್ಟರಲ್ಲಿ ಗಂಟೆ ಬಾರಿಸಿತು. "ನಿಮ್ಮ ಸಮಯ ಆಯ್ತು ಸರ್" ಎಂದರು ಅಧ್ಯಕ್ಷರು, ಮರ್ಯಾದೆಯಿಂದಲೇ. ಹಿಂದಿನಿಂದ ಯಾವುದೋ ಮಗು ಜೋರಾಗಿ ನಕ್ಕಿತು. ನೋಡಿದರೆ ನಮ್ಮದೇ. ಆರ್ಲಿಸ್ ಕೆಮ್ಮುತ್ತಿದ್ದ.

ಮತಕ್ಕೆ ಹಾಕಿದರು. ಮುಂದುವರಿಸಲು ಬೇಕಾದಷ್ಟು ಮತ ಬೀಳಲಿಲ್ಲ. ಮಸೂದೆ ಅಲ್ಲಿಗೇ ನಿಂತಿತು. ನನ್ನ ಮಾತಿನಿಂದ ಆಯಿತು ಎಂದು ಕೊಚ್ಚಿಕೊಳ್ಳುವುದಿಲ್ಲ. ಡಾಕ್ಟರುಗಳು, ನಿನ್ನಂಥ ಎಷ್ಟೋ ಹೆಣ್ಣುಮಕ್ಕಳು, ಎರಡು ವರ್ಷದಿಂದ ಇದಕ್ಕಾಗಿ ಮೆಟ್ಟಿಲು ಹತ್ತಿ ಇಳಿದವರು, ಅವರಿಂದ ಆದದ್ದು. ಇದರಿಂದ ನಿನ್ನ ಶಿಕ್ಷೆ ತಾನಾಗಿ ಅಳಿಸಿಹೋಗುವುದಿಲ್ಲ ಎಂದೂ ಮಿಸ್ ಪ್ರೂಯಿಟ್ ಹೇಳಿದ್ದಾರೆ. ಸುಳ್ಳು ಆಸೆ ಹುಟ್ಟಿಸುವುದಿಲ್ಲ. ಆದರೆ ಜುಲೈ ಒಂದರ ನಂತರ ನಮ್ಮ ಬೆಟ್ಟದ ಯಾವ ಹುಡುಗಿಯೂ ಈ ಕಾನೂನಿಗೆ ಹೆದರಿ ಹೆರಿಗೆ ನೋವಿನಲ್ಲಿ ಗಡಿ ದಾಟಲು ಹೊರಡಬೇಕಾಗಿಲ್ಲ. ಅಷ್ಟಂತೂ ನಿಜ.

ಹೊರಗೆ ಪಡಸಾಲೆಯಲ್ಲಿ ಆ ಸಾಕುತಾಯಿ ನಮ್ಮ ಹತ್ತಿರ ಬಂದಳು. ಜಗಳಕ್ಕೆ ಬಂದಳೇನೋ ಎಂದು ಆರ್ಲಿಸ್ ಎದೆ ಸೆಟೆಸಿ ನಿಂತ. ಅವಳು ಸೈಲಸ್‌ನ ಕೆನ್ನೆ ಮುಟ್ಟಿ, "ಇವನೂ ಅಂಥಾ ಕೂಸೇನಾ?" ಎಂದಳು. ಹೌದೆಂದೆ. ಸ್ವಲ್ಪ ಹೊತ್ತು ಎತ್ತಿಕೊಂಡು, ಮೇಲೆ ಕೆಳಗೆ ಆಡಿಸಿ, "ಅವನ ತಾಯಿ ಬರ್ತಾಳಾ?" ಎಂದು ಕೇಳಿದಳು. "ಬರ್ತಾಳೆ" ಎಂದೆ. ನಿನ್ನನ್ನು ಕೇಳದೆ ಹೇಳಿಬಿಟ್ಟೆ. ವಾಪಸು ಬರುವಾಗ ಆರ್ಲಿಸ್, "ನಾನಿನ್ನೂ ಏನೋ ಒಂದು ಕಾನೂನು ಬೇಕು ಅಂತಾನೇ ಅಂತೀನಿ. ಆದ್ರೆ ನಮ್ಮ ರೋಷೆಲ್‌ಗಲ್ಲಪ್ಪ" ಎಂದ. ಎಲ್ಲರ ಮನೆಯ ರೋಷೆಲ್‌ಗೂ ಹೀಗೇ ಹೇಳುವವನೊಬ್ಬ ಇರುತ್ತಾನಲ್ಲೋ ಎಂದೆ. "ಸರಿ, ಬಿಡಪ್ಪ, ಗೆದ್ದೆ ನೀನು, ಬಿಸ್ಕಿಟ್ ಕೊಡು" ಎಂದ.

ಆ ಹೆಂಗಸಿಗೆ ನಾನು ಕೊಟ್ಟ ಮಾತಿನ ವಿಚಾರಕ್ಕೇ ಬರುತ್ತೇನೆ. ಮಗುವಿನ ಮೇಲಿನ ಹಕ್ಕನ್ನೆಲ್ಲ ಬಿಟ್ಟುಕೊಡುವ ಕಾಗದ ತಯಾರು ಮಾಡಿ ಎಂದು ನೀನು ಮಿಸ್ ಪ್ರೂಯಿಟ್‌ಗೆ ಹೇಳಿದ್ದೀಯಂತೆ, ಏಪ್ರಿಲ್ ಐದಕ್ಕೆ ಮಕ್ಕಳ ಕೋರ್ಟಿನಲ್ಲಿ ಸಹಿ ಮಾಡುವುದೆಂದು. ಯಾರಾದರೂ ಒಳ್ಳೆಯ ದಂಪತಿ ಸಾಕಿಕೊಳ್ಳಲಿ, ನನ್ನಂಥವಳ ನೆರಳು ಬೀಳದಿರಲಿ ಎಂದೆಯಂತೆ. ನಾನು ಬೈಯುವುದಿಲ್ಲ. ಅವನ ಒಳ್ಳೆಯದಕ್ಕೇ ಹಾಗೆಂದೆ ಎಂದು ಗೊತ್ತು. ಅವನಿಗಾಗಿ ಗಡಿಗೆ ಒಂಬತ್ತು ಮೈಲಿ ಉಳಿದಿರುವವರೆಗೂ ನೋವು ತಿಂದುಕೊಂಡು ಕಾರು ಓಡಿಸಿದವಳು ನೀನು. ಆದರೆ ತಪ್ಪು ಮಾಡಿದವರೆಲ್ಲ ಮಕ್ಕಳನ್ನು ಬಿಟ್ಟುಕೊಡಬೇಕೆಂದಿದ್ದರೆ ನಿನ್ನನ್ನು ನನ್ನಿಂದ ಯಾವತ್ತೋ ಕಿತ್ತುಕೊಳ್ಳಬೇಕಿತ್ತು. ನೀನು ನಾಲ್ಕು ತಿಂಗಳಿಂದ ಮಾತ್ರೆ ಮುಟ್ಟಿಲ್ಲ. ಹೊರಗೆ ಬಂದ ಮೇಲೆ ಕಷ್ಟವಾಗುತ್ತದೆ, ಒಂದೆರಡು ಸಲ ಬಿದ್ದರೂ ಬೀಳಬಹುದು, ಬಿದ್ದವರನ್ನು ಎತ್ತುವುದಕ್ಕೆ ನಮಗೆ ಗೊತ್ತಿದೆ ಎನ್ನುತ್ತಾಳೆ ವಿಲೆಟ್ಟಾ. ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಂಡು ಚಿಕಿತ್ಸೆ ಕೊಡುವ ಮನೆಯೊಂದು ನಾಕ್ಸ್‌ವಿಲ್ ಆಚೆ ಇದೆ ಎಂದು ಜನವರಿಯಲ್ಲಿ ಹೇಳಿದ್ದರಲ್ಲ, ಜಾಗ ಸಿಕ್ಕಿದರೆ ಉಳಿದ ಶಿಕ್ಷೆಯನ್ನು ಅಲ್ಲೇ ಕಳೆಯಲಿ ಎಂದು ಜಡ್ಜೂ ಒಪ್ಪಿದ್ದರಲ್ಲ. ಆಗ ನಿನ್ನ ಸರದಿ ಹದಿಮೂರನೆಯದು. ವಿಲೆಟ್ಟಾ ಪ್ರತಿ ಸೋಮವಾರ ಫೋನು ಮಾಡಿ ಅವರ ತಲೆ ತಿನ್ನುತ್ತಿದ್ದಾಳೆ. ಕಾಯೋಣ. ಆ ಸಹಿ ಮಾತ್ರ ಈಗ ಬೇಡ ಮಗಳೇ.

ಭಾನುವಾರ ಈಸ್ಟರ್. ಚರ್ಚಿನಲ್ಲಿ ಪ್ರಾರ್ಥನೆ ಹೇಳುವ ಸರದಿ ನನ್ನದು. ಎಂದಿನ ಹಾಗೆ ಊರಿನವರ ಕಾಯಿಲೆ ಕಸಾಲೆಗಳ ಪಟ್ಟಿ ಓದುವಾಗ ಈ ಸಲ ನಿನ್ನ ಹೆಸರನ್ನೂ ಎಲ್ಲರಿಗೂ ಕೇಳುವ ಹಾಗೆ ಓದುತ್ತೇನೆ. ಇಷ್ಟು ದಿನ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ.

ದೇವರು ನಿನ್ನನ್ನು ತಣ್ಣಗಿಟ್ಟಿರಲಿ. ನಿನ್ನ ಬೆನ್ನಿಗೆ ಬಲ ಕೊಡಲಿ, ಮನಸ್ಸಿಗೆ ಅದಕ್ಕಿಂತ ಹೆಚ್ಚು ಕೊಡಲಿ. ಆರ್ಲಿಸ್, ಅವನ ಹೆಂಡತಿ, ವಿಲೆಟ್ಟಾ ಎಲ್ಲರೂ ನಿನ್ನನ್ನು ಕೇಳಿದ್ದಾರೆ. ಸೈಲಸ್ ಈ ಹಾಳೆಯ ಮೂಲೆಯನ್ನು ಜೊಲ್ಲಿನಲ್ಲಿ ನೆನೆಸಿದ್ದಾನೆ, ಅದನ್ನೇ ಅವನ ಮುತ್ತು ಎಂದುಕೋ.

ನಿನ್ನ ಅಪ್ಪ,
ಗ್ರೋವರ್ ಟಾಕೆಟ್

ಮರೆತ ಮಾತಲ್ಲ, ಈಗ ತಾನೇ ಬಂದ ಮಾತು: ಲಕೋಟೆಗೆ ಅಂಟು ಹಚ್ಚುವಾಗ ವಿಲೆಟ್ಟಾ ಫೋನು ಮಾಡಿದಳು. ಆ ಮನೆಯಲ್ಲಿ ಸೋಮವಾರಕ್ಕೆ ಒಂದು ಹಾಸಿಗೆ, ಒಂದು ತೊಟ್ಟಿಲು ಖಾಲಿಯಾಗುತ್ತಿದೆ. ಈಗ ನಿನ್ನ ಮುಂದೆ ಉಳಿದಿದ್ದ ಇಬ್ಬರು ಸೋಮವಾರಕ್ಕೆ ಬರಲಾಗುವುದಿಲ್ಲವಂತೆ. ನಾಳೆ ಮಧ್ಯಾಹ್ನದೊಳಗೆ ನೀನು ಒಪ್ಪಿ ಸಹಿ ಮಾಡಿದರೆ ಮಾತ್ರ, ಇಲ್ಲದಿದ್ದರೆ ಮುಂದಿನವಳಿಗೆ ಹೋಗುತ್ತದೆ. ಆ ಒಪ್ಪಿಗೆಯ ಕಾಗದ ಮಿಸ್ ಪ್ರೂಯಿಟ್ ಹತ್ತಿರವೇ ಇದೆ. ಇದನ್ನು ಬರೆಯುವಾಗ ಅವರು ಗೇಟಿನ ಹತ್ತಿರ ಕಾರು ಆರಿಸದೆ ಕಾಯುತ್ತಿದ್ದಾರೆ. ಇದಕ್ಕೆ ಸಹಿ ಮಾಡು, ಏಪ್ರಿಲ್ ಐದರ ಆ ಕಾಗದಕ್ಕೆ ಬೇಡ. ಸೋಮವಾರ ಬೆಳಗ್ಗೆ ಒಂಬತ್ತಕ್ಕೆ ಸೈಲಸ್ ಜೈಲಿನ ಬಾಗಿಲಲ್ಲಿರುತ್ತಾನೆ. ನನ್ನ ಮುಖ ನೋಡಲು ನಿನಗಿನ್ನೂ ಮನಸ್ಸಿಲ್ಲದಿದ್ದರೆ ಹಾಗೇ ಹೇಳಿ ಕಳಿಸು, ಕಾರನ್ನು ಆರ್ಲಿಸ್ ತರುತ್ತಾನೆ, ನಾನು ಮನೆಯಲ್ಲೇ ಇರುತ್ತೇನೆ. ನನ್ನನ್ನು ಕ್ಷಮಿಸುವುದು ಬಿಡುವುದು ಬೇರೆ ಮಾತು, ಅದಕ್ಕೆ ಅವಸರವಿಲ್ಲ, ಉತ್ತರವೂ ಬೇಡ. ಮಿಸ್ ಪ್ರೂಯಿಟ್ ಕೇಳಿದಾಗ 'ಹೂಂ' ಅನ್ನು ಮಗಳೇ. ಅಷ್ಟೇ ಸಾಕು.